ಕಾರ್ನ್‌ವಾಲಿಸ್ ಇಲ್ಲದ ಚಿತ್ರ

ಪ್ರಾಸ್ಪರಿನಲ್ಲಿ ಮಾರ್ಚ್ ತಿಂಗಳ ಎರಡನೆಯ ವಾರ ಬಂತೆಂದರೆ ನಮ್ಮ ಬೀದಿಯ ಅರ್ಧ ಮನೆಗಳು ಖಾಲಿ. ಮಕ್ಕಳಿಗೆ ಸ್ಪ್ರಿಂಗ್ ಬ್ರೇಕ್. ಅಪ್ಪ-ಅಮ್ಮಂದಿರಿಗೆ ರಜೆಯ ಹೆಸರಿನಲ್ಲಿ ಇನ್ನೊಂದು ಕೆಲಸ! 2019ರಲ್ಲಿ ನಮ್ಮ ಸರದಿ ವಾಷಿಂಗ್ಟನ್ನಿನದು. ಆಗ ಮಂಡ್ಯದಿಂದ ಅಮ್ಮ ಬಂದಿದ್ದರು. ಎಲ್ಲರ ಅಮ್ಮಂದಿರ ಹಾಗೆ ಇವರನ್ನೂ ನಯಾಗರಾಕ್ಕೆ ಕರೆದುಕೊಂಡು ಹೋಗೋಣವೆಂದು ನಾನು ಹೊರಟಿದ್ದೆ. "ನೀರು ಬೀಳೋದನ್ನ ಶಿವನಸಮುದ್ರದಲ್ಲೇ ನೋಡಿದೀನಿ ಕಣೋ, ರಾಜಧಾನಿ ತೋರಿಸು" ಎಂದು ಒಂದೇ ಮಾತಿನಲ್ಲಿ ಆ ಯೋಜನೆಯನ್ನು ಮುಗಿಸಿಬಿಟ್ಟರು.

ಅಮ್ಮ ಸುಮಾರು ಮೂವತ್ತು ವರ್ಷ ಹೈಸ್ಕೂಲಿನ ಹುಡುಗರಿಗೆ ಸಮಾಜ ಪಾಠ ಹೇಳಿದವರು. ಮಗಳು ಆಗ ಎಂಟನೆಯ ಕ್ಲಾಸು. ಟೆಕ್ಸಸ್ಸಿನಲ್ಲಿ ನಾಲ್ಕನೆಯ ಮತ್ತು ಏಳನೆಯ ಕ್ಲಾಸಿನಲ್ಲಿ ಟೆಕ್ಸಸ್ಸಿನದೇ ಇತಿಹಾಸ ಓದಿಸುತ್ತಾರೆ. ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮ, ಅಂತರ್ಯುದ್ಧಗಳೆಲ್ಲ ಎಂಟರಲ್ಲಿ. ಹೀಗೆ ನಮ್ಮ ಐದು ದಿನದ ಪ್ರವಾಸದಲ್ಲಿ ಒಬ್ಬ ನಿವೃತ್ತ ಮೇಡಂ, ಒಬ್ಬಳು ಹಾಲಿ ವಿದ್ಯಾರ್ಥಿನಿ. ನಾನು ಮತ್ತು ನನ್ನಾಕೆ ಚಿತ್ರಾನ್ನದ ಡಬ್ಬಿ ಹೊರುವ, ಮೆಟ್ರೋ ಟಿಕೆಟ್ ಕೊಳ್ಳುವ ಪರಿಚಾರಕರು.

ಮೊದಲ ದಿನ ಕ್ಯಾಪಿಟಲ್ ಕಟ್ಟಡ. ನಿಮ್ಮಲ್ಲಿ ಬಹಳ ಜನ ನೋಡಿಯೇ ಇರುತ್ತೀರಿ. ಮಧ್ಯದ ಗುಮ್ಮಟದ ಕೆಳಗೆ ರೊಟಂಡಾ ಎಂಬ ದುಂಡಗಿನ ಸಭಾಂಗಣ. ಸುತ್ತಲೂ ಗೋಡೆಯ ಮೇಲೆ ಎಂಟು ಬೃಹತ್ ವರ್ಣಚಿತ್ರಗಳು. ಅವುಗಳಲ್ಲಿ ನಾಲ್ಕು ಜಾನ್ ಟ್ರಂಬುಲ್ ಎಂಬ ಕಲಾವಿದನವು, ಒಂದೊಂದೂ 12 ಅಡಿ ಎತ್ತರ, 18 ಅಡಿ ಅಗಲ. ಗೈಡ್ ಅವುಗಳಲ್ಲೊಂದನ್ನು ತೋರಿಸಿ "ಲಾರ್ಡ್ ಕಾರ್ನ್‌ವಾಲಿಸ್‌ನ ಶರಣಾಗತಿ" ಎಂದ. ಅಮ್ಮ ಕತ್ತೆತ್ತಿ ಹುಡುಕತೊಡಗಿದರು. "ಇದರಲ್ಲಿ ಕಾರ್ನ್‌ವಾಲಿಸ್ ಎಲ್ಲೋ? ಬಿಳಿ ಕುದುರೆ ಮೇಲೆ ಇರೋನಾ?"

ನಾನು ಹೌದೆಂದೆ. ಮಗಳು ತಕ್ಷಣ ತಿದ್ದಿದಳು. "ನೋ ಅಪ್ಪ, ಅದು ಜನರಲ್ ಲಿಂಕನ್. ಕಾರ್ನ್‌ವಾಲಿಸ್ ಬರಲೇ ಇಲ್ಲ. ಸಿಕ್ ಅಂತ ಹೇಳಿ ಕಳಿಸಿದ."

ಆಕೆ ಹೇಳಿದ್ದು ಸರಿ. (ಇದು ಅಧ್ಯಕ್ಷ ಅಬ್ರಹಾಂ ಲಿಂಕನ್ ಅಲ್ಲ, ಬೆಂಜಮಿನ್ ಲಿಂಕನ್ ಎಂಬ ಸೇನಾನಿ.) 1781ರ ಅಕ್ಟೋಬರ್ 19ರಂದು ವರ್ಜೀನಿಯಾದ ಯಾರ್ಕ್‌ಟೌನಿನಲ್ಲಿ ಇಂಗ್ಲಿಷ್ ಸೈನ್ಯ ಅಮೆರಿಕನ್ನರಿಗೂ ಫ್ರೆಂಚರಿಗೂ ಶರಣಾದಾಗ ದಂಡನಾಯಕ ಕಾರ್ನ್‌ವಾಲಿಸ್ ಮೈ ಹುಷಾರಿಲ್ಲವೆಂದು ಬಿಡಾರದಲ್ಲೇ ಉಳಿದ. ಕತ್ತಿ ಒಪ್ಪಿಸಲು ಓಹಾರಾ ಎಂಬ ಉಪಸೇನಾನಿಯನ್ನು ಕಳಿಸಿದ. ಓಹಾರಾ ಕತ್ತಿಯನ್ನು ಮೊದಲು ಫ್ರೆಂಚ್ ದಂಡನಾಯಕ ರೋಶಾಂಬೋಗೆ ಕೊಡಹೋದನಂತೆ, ಬಂಡುಕೋರ ಪ್ರಜೆಗಳಿಗಿಂತ ಅವನಿಗೆ ಕೊಡುವುದು ಮೇಲೆಂದು! ರೋಶಾಂಬೋ ವಾಷಿಂಗ್ಟನ್ನನತ್ತ ಕೈ ತೋರಿಸಿದ. ವಾಷಿಂಗ್ಟನ್ ಕಡಿಮೆಯವನೇ? ನಿಮ್ಮ ಕಡೆಯಿಂದ ಉಪಸೇನಾನಿ ಬಂದರೆ ನಮ್ಮ ಕಡೆಯಿಂದಲೂ ಉಪಸೇನಾನಿಯೇ ಸಾಕೆಂದು ತನ್ನ ಕೈಕೆಳಗಿನ ಲಿಂಕನ್‌ನನ್ನು ಮುಂದೆ ಮಾಡಿದ. ಹಿಂದಿನ ವರ್ಷದ ಮೇ ತಿಂಗಳಲ್ಲಿ ಚಾರ್ಲ್ಸ್‌ಟನ್ನಿನಲ್ಲಿ ಇಂಗ್ಲಿಷರಿಗೆ ಶರಣಾಗಿ ಅವಮಾನ ಉಂಡಿದ್ದವನೂ ಇದೇ ಲಿಂಕನ್. ಟ್ರಂಬುಲ್ಲನ ಚಿತ್ರದಲ್ಲಿ ನಟ್ಟನಡುವೆ ಬಿಳಿ ಕುದುರೆಯ ಮೇಲೆ ಅವನಿದ್ದಾನೆ. ವಾಷಿಂಗ್ಟನ್ ಬಲಗಡೆ ಧ್ವಜದ ಮುಂದೆ, ಸ್ವಲ್ಪ ಹಿಂದಕ್ಕೆ. ಯಾರ ಹೆಸರು ಹೊತ್ತಿದೆಯೋ ಅವನೊಬ್ಬ ಮಾತ್ರ ಆ ಚಿತ್ರದಲ್ಲಿಲ್ಲ.

"ಅಲ್ವೇನೋ, ನಮ್ಮ ಶ್ರೀರಂಗಪಟ್ಟಣಕ್ಕೆ ಬಂದೋನೂ ಇವನೇ ತಾನೆ?" ಎಂದರು ಅಮ್ಮ.

ಇವನೇ! ನಾನು ಇಬ್ಬರನ್ನೂ ಓದಿದ್ದೆ, ಆದರೆ ಬೇರೆ ಬೇರೆ ಪುಸ್ತಕಗಳಲ್ಲಿ, ಬೇರೆ ಬೇರೆ ವಯಸ್ಸಿನಲ್ಲಿ. ಯಾರ್ಕ್‌ಟೌನಿನವನು ಒಂದು ಡಬ್ಬಿಯಲ್ಲಿ, ಶ್ರೀರಂಗಪಟ್ಟಣದವನು ಇನ್ನೊಂದರಲ್ಲಿ. ಅಮ್ಮನಿಗೆ ಯಾರ್ಕ್‌ಟೌನ್ ಅಷ್ಟಾಗಿ ಗೊತ್ತಿಲ್ಲ, ಮಗಳಿಗೆ ಶ್ರೀರಂಗಪಟ್ಟಣ ಗೊತ್ತಿಲ್ಲ. ಅಲ್ಲಿಂದ ಮುಂದೆ ನಮ್ಮ ಪ್ರವಾಸದ ದಾರಿಯೇ ಬದಲಾಯಿತು ಎನ್ನಬೇಕು.

ಅಮೆರಿಕದಲ್ಲಿ ಸೋತದ್ದಕ್ಕೆ ಕಾರ್ನ್‌ವಾಲಿಸ್‌ಗೆ ಶಿಕ್ಷೆಯೇನೂ ಆಗಲಿಲ್ಲ. 1786ರಲ್ಲಿ ಅವನನ್ನು ಗವರ್ನರ್ ಜನರಲ್ ಮಾಡಿ ಕಲ್ಕತ್ತೆಗೆ ಕಳಿಸಿದರು. ಮೂರನೆಯ ಮೈಸೂರು ಯುದ್ಧದಲ್ಲಿ ತಾನೇ ಸೈನ್ಯದ ಮುಂದೆ ನಿಂತು 1791ರ ಮಾರ್ಚ್ 21ರಂದು ಬೆಂಗಳೂರು ಕೋಟೆ ಹಿಡಿದ. ಮೇ 15ರಂದು ಅರಕೆರೆಯ ಹತ್ತಿರ ಗೆದ್ದರೂ ಮಳೆ ಹಿಡಿದು, ದನಕರು ಸತ್ತು, ದವಸ ಮುಗಿದು, ಕೋಟೆ ಒಡೆಯಲೆಂದು ಎಳೆದು ತಂದಿದ್ದ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಿದ. ಅರಕೆರೆ ನಮ್ಮಮ್ಮನ ತವರಿಗೆ ಬಲು ಹತ್ತಿರ. "ಕಾವೇರಿ ಓಡಿಸ್ತು ಅವನನ್ನ" ಎಂದು ಅವರು ಪಾಠದಲ್ಲಿ ಹೇಳುತ್ತಿದ್ದರಂತೆ. ಆದರೆ ಮತ್ತೆ ಬಂದ. 1792ರ ಫೆಬ್ರವರಿ 6ರ ರಾತ್ರಿಯ ದಾಳಿಯಲ್ಲಿ ದ್ವೀಪದೊಳಗೆ ಕಾಲಿಟ್ಟ. ಮಾರ್ಚಿನ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ಕೊಡಲು ಒಪ್ಪಿದ. ಹಣ ತೀರುವ ತನಕ ಅಬ್ದುಲ್ ಖಾಲಿಕ್, ಮುಯಿಜುದ್ದೀನ್ ಎಂಬ ಇಬ್ಬರು ಎಳೆ ಮಕ್ಕಳನ್ನು ಒತ್ತೆ ಇಟ್ಟ. ಅವರು ತಂದೆಯ ಬಳಿಗೆ ಮರಳಿದ್ದು 1794ರಲ್ಲಿ. ಸೈನ್ಯದ ಜೊತೆಗೇ ಬಂದಿದ್ದ ರಾಬರ್ಟ್ ಹೋಮ್ ಎಂಬ ಕಲಾವಿದ ಈ ಮಕ್ಕಳ ಹಸ್ತಾಂತರವನ್ನು ದೊಡ್ಡ ಚಿತ್ರವಾಗಿ ಬರೆದ. ಆ ಚಿತ್ರದಲ್ಲಿ ಕಾರ್ನ್‌ವಾಲಿಸ್ ತಪ್ಪದೆ ಇದ್ದಾನೆ, ಮೈಯೂ ಹುಷಾರಾಗಿದೆ!

ಚಿತ್ರದ ಮಾತು ಬಂದದ್ದರಿಂದ ಇನ್ನೊಂದು ಗೋಡೆಯನ್ನೂ ನೆನೆಯಬೇಕು. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್. 1784ರಲ್ಲಿ ಟಿಪ್ಪು ಕಾವೇರಿಯ ದಂಡೆಯಲ್ಲಿ ತೇಗದ ಮರದಿಂದ ಕಟ್ಟಿಸಿದ ಬೇಸಿಗೆ ಅರಮನೆ. ಅದರ ಪಶ್ಚಿಮದ ಗೋಡೆಯಲ್ಲಿ ಪೊಳ್ಳಿಲೂರು ಯುದ್ಧದ ಚಿತ್ರವಿದೆ. 1780ರ ಸೆಪ್ಟೆಂಬರ್ 10ರಂದು ಕಾಂಚಿಪುರದ ಬಳಿ ಹೈದರ್ ಮತ್ತು ಟಿಪ್ಪು ಸೇರಿ ಕರ್ನಲ್ ಬೇಯ್ಲಿಯ ನಾಲ್ಕು ಸಾವಿರದ ಹತ್ತಿರದ ಪಡೆಯನ್ನು ನುಚ್ಚುನೂರು ಮಾಡಿದ ಯುದ್ಧ. ಚೌಕಾಕಾರವಾಗಿ ನಿಂತ ಕೆಂಪಂಗಿಗಳು, ನಡುವೆ ಪಲ್ಲಕ್ಕಿಯಲ್ಲಿ ಬೇಯ್ಲಿ, ಸಿಡಿಯುತ್ತಿರುವ ಮದ್ದಿನ ಗಾಡಿ, ಎಲ್ಲ ಮುಗಿದ ಮೇಲೆ ನಿಧಾನವಾಗಿ ಬರುತ್ತಿರುವ ನಿಜಾಮ. ಅಮ್ಮ ಪ್ರತಿವರ್ಷ ಮಕ್ಕಳನ್ನು ಕರೆದುಕೊಂಡು ಹೋಗಿ ಆ ಗೋಡೆಯ ಮುಂದೆ ನಿಲ್ಲಿಸುತ್ತಿದ್ದರು. ನಾನೂ ಆ ಗುಂಪಿನಲ್ಲಿ ಬಾಲಂಗೋಚಿಯಾಗಿ ಎಷ್ಟೋ ಸಲ ಹೋಗಿದ್ದೇನೆ. ನನಗೆ ಆಗ ಆಸಕ್ತಿ ಇದ್ದದ್ದು ಹೊರಗೆ ಮಾರುವ ಸೌತೆಕಾಯಿಯಲ್ಲಿ.

ಒಂದು ಗೋಡೆ ಕಾವೇರಿ ತೀರದಲ್ಲಿ, ಒಂದು ಗೋಡೆ ಪೊಟೊಮ್ಯಾಕ್ ನದಿಯ ಊರಿನಲ್ಲಿ. ಎರಡರಲ್ಲೂ ಸೋಲುತ್ತಿರುವುದು ಅದೇ ಕೆಂಪಂಗಿ. ಇದು ಬರೀ ಕಾಕತಾಳೀಯವಲ್ಲ, ಎರಡೂ ಒಂದೇ ದೊಡ್ಡ ಯುದ್ಧದ ಎರಡು ತುದಿಗಳು. 1778ರಲ್ಲಿ ಫ್ರಾನ್ಸ್ ಅಮೆರಿಕದ ಪಕ್ಷ ವಹಿಸಿತು. ಕೂಡಲೇ ಇಂಗ್ಲಿಷರು ಭಾರತದಲ್ಲಿದ್ದ ಫ್ರೆಂಚರ ನೆಲೆಗಳ ಮೇಲೆ ಬಿದ್ದರು. ಅದೇ ವರ್ಷ ಪಾಂಡಿಚೇರಿ, 1779ರಲ್ಲಿ ಮಾಹೆ. ಹೈದರನಿಗೆ ಮದ್ದುಗುಂಡು ಬರುತ್ತಿದ್ದದ್ದೇ ಮಾಹೆಯಿಂದ. ಮುಟ್ಟಬೇಡಿ ಎಂದಿದ್ದ, ಮುಟ್ಟಿದರು. ಮರುವರ್ಷ ಅವನು ಘಟ್ಟ ಇಳಿದ. ಮುಗಿದದ್ದೂ ಹಾಗೆಯೇ: 1783ರ ಬೇಸಿಗೆಯಲ್ಲಿ ಟಿಪ್ಪು ಮಂಗಳೂರಿಗೆ ಮುತ್ತಿಗೆ ಹಾಕಿ ಕುಳಿತಿದ್ದಾಗ ಯುರೋಪಿನಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ರಾಜಿಯಾದ ಸುದ್ದಿ ಹಡಗಿನಲ್ಲಿ ಬಂತು, ಅವನ ಜೊತೆ ಹೋರಾಡುತ್ತಿದ್ದ ಫ್ರೆಂಚ್ ತುಕಡಿ ಪಕ್ಕಕ್ಕೆ ಸರಿಯಿತು. ಅಮೆರಿಕದ ಸ್ವಾತಂತ್ರ್ಯವನ್ನು ಒಪ್ಪಿದ ಅದೇ ರಾಜಿಯ ಸುತ್ತು ಅದು. ಮಗಳ ಪಠ್ಯಪುಸ್ತಕದಲ್ಲಿ ಯುದ್ಧ ಯಾರ್ಕ್‌ಟೌನಿನಲ್ಲಿ ಮುಗಿಯುತ್ತದೆ. ಅದರ ಕೊನೆಯ ಗುಂಡುಗಳು ಹಾರಿದ್ದು ತಮಿಳುನಾಡಿನ ಕಡಲೂರಿನಲ್ಲಿ, ಮಂಗಳೂರಿನಲ್ಲಿ.

ಆ ರಾತ್ರಿ ಹೋಟೆಲಿನಲ್ಲಿ ಮೊಸರನ್ನದ ಜೊತೆ ನಾನು ಹೇಳಿದ ಕಥೆಯನ್ನು ನಿಮಗೂ ಹೇಳುತ್ತೇನೆ. ಬಹಳ ಹಿಂದೆ ಓದಿ ಮರೆತಿದ್ದೆ.

ಯಾರ್ಕ್‌ಟೌನಿನ ಮರುವರ್ಷ, 1782ರಲ್ಲಿ, ಡೆಲವೇರ್ ಕೊಲ್ಲಿಯಲ್ಲಿ ವ್ಯಾಪಾರದ ಹಡಗುಗಳನ್ನು ಕಾಪಾಡಲು ಪೆನ್ಸಿಲ್ವೇನಿಯಾದವರು ಒಂದು ಹಡಗನ್ನು ಸಜ್ಜು ಮಾಡಿದರು. ಅದರ ಹೆಸರು "ಹೈದರ್ ಅಲಿ"! ಇಂಗ್ಲಿಷರನ್ನು ಗೋಳು ಹೊಯ್ದುಕೊಂಡ ಮೈಸೂರಿನ ದೊರೆಯ ಖ್ಯಾತಿ ಅಷ್ಟು ದೂರ ಬಂದಿತ್ತು. ಫಿಲಿಪ್ ಫ್ರೆನೋ ಎಂಬ ಅಮೆರಿಕನ್ ಕವಿ ಈ ಹಡಗಿನ ಮೇಲೆ ಪದ್ಯಗಳನ್ನೂ ಬರೆದ. ಕಪ್ತಾನ ಜೋಶುವಾ ಬಾರ್ನಿಗೆ 22 ವರ್ಷ. ಏಪ್ರಿಲ್ 8ರಂದು "ಜನರಲ್ ಮಂಕ್" ಎಂಬ ಇಂಗ್ಲಿಷ್ ಹಡಗು ಎದುರಾಯಿತು. ಅದರಲ್ಲಿ ಇಪ್ಪತ್ತು ಫಿರಂಗಿ, ಇವನ ಬಳಿ ಹದಿನಾರು, ಅವೂ ಚಿಕ್ಕವು. ಬಾರ್ನಿ ಚುಕ್ಕಾಣಿ ಹಿಡಿದವನಿಗೆ ಮೊದಲೇ ಕಿವಿಯಲ್ಲಿ ಹೇಳಿಟ್ಟಿದ್ದನಂತೆ: ನಾನು ಕೂಗಿ ಏನು ಹೇಳುತ್ತೇನೋ ಅದಕ್ಕೆ ತದ್ವಿರುದ್ಧ ತಿರುಗಿಸು ಎಂದು. ಕೂಗು ಕೇಳಿಸಿಕೊಂಡ ಶತ್ರು ಅದಕ್ಕೆ ತಕ್ಕಂತೆ ತಿರುಗಿ ಸಿಕ್ಕಿಹಾಕಿಕೊಂಡ. ಅರ್ಧ ಗಂಟೆಯೊಳಗೆ ಎಲ್ಲ ಮುಗಿಯಿತು. ಸೆರೆ ಸಿಕ್ಕ ಹಡಗಿಗೆ ಅಮೆರಿಕನ್ನರು ಹೊಸ ಹೆಸರಿಟ್ಟರು, "ಜನರಲ್ ವಾಷಿಂಗ್ಟನ್" ಎಂದು. ಹೈದರ್ ಅಲಿ ಗೆದ್ದು ತಂದದ್ದು ಜನರಲ್ ವಾಷಿಂಗ್ಟನ್ ಆಯಿತು!

ಅಮ್ಮನಿಗೆ ಎಷ್ಟು ಖುಷಿಯಾಯಿತೆಂದರೆ, "ಇದು ನನಗೆ ಸರ್ವೀಸಿನಲ್ಲಿ ಇದ್ದಾಗ ಗೊತ್ತಿದ್ದಿದ್ದರೆ..." ಎಂದು ಎರಡು ಸಲ ಹೇಳಿದರು.

ಮರುದಿನ ಅಮೆರಿಕನ್ ಇತಿಹಾಸದ ಮ್ಯೂಸಿಯಂ. ಅಲ್ಲಿ ಕತ್ತಲ ಕೋಣೆಯಲ್ಲಿ ಒಂದು ಹಳೆಯ ಬಾವುಟವನ್ನು ಮಲಗಿಸಿದ್ದಾರೆ. 1814ರ ಸೆಪ್ಟೆಂಬರಿನಲ್ಲಿ ಬಾಲ್ಟಿಮೋರಿನ ಫೋರ್ಟ್ ಮೆಕ್‌ಹೆನ್ರಿ ಕೋಟೆಯ ಮೇಲೆ ಹಾರಿದ್ದು, ಅಮೆರಿಕದ ರಾಷ್ಟ್ರಗೀತೆಗೆ ಕಾರಣವಾದದ್ದು. ಹೊಲಿದಾಗ 30 ಅಡಿಗೆ 42 ಅಡಿ ಇತ್ತು. ನೆನಪಿಗೆಂದು ಚೂರು ಚೂರು ಕತ್ತರಿಸಿಕೊಂಡು ಹೋಗಿ ಈಗ ಉದ್ದ 34 ಅಡಿ. ಆ ಗೀತೆಯಲ್ಲಿ ಬರುವ ಅಗ್ನಿಬಾಣಗಳ ಕೆಂಪು ಬೆಳಕು ನಮ್ಮದೇ ಎಂದು ಅಮೆರಿಕದ ಕನ್ನಡಿಗರೆಲ್ಲ ಒಂದಲ್ಲ ಒಂದು ಯುಗಾದಿ ಭಾಷಣದಲ್ಲಿ ಕೇಳಿರುತ್ತೇವೆ. ಸುಳ್ಳಲ್ಲ. ಮೈಸೂರಿನ ಬಾಣಗಳ ವಿಶೇಷ ಕಬ್ಬಿಣದ ಕೊಳವೆ. ಮದ್ದನ್ನು ಅದರಲ್ಲಿ ಗಟ್ಟಿಯಾಗಿ ತುಂಬಿದ್ದರಿಂದ ದೂರ ಹಾರುತ್ತಿತ್ತು. 1799ರ ನಂತರ ಶ್ರೀರಂಗಪಟ್ಟಣದಿಂದ ಒಯ್ದ ಬಾಣಗಳನ್ನು ಇಂಗ್ಲೆಂಡಿನ ವುಲಿಚ್‌ನಲ್ಲಿ ಪರೀಕ್ಷಿಸಿದರು. ಅವುಗಳ ಜಾಡು ಹಿಡಿದು ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಒಂದು ಹಾಳುಬಾವಿಯ ಹೂಳು ತೆಗೆದಾಗ ಇಂಥ ಸಾವಿರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು ಸಿಕ್ಕವು. ಅದು ಪತ್ರಿಕೆಗಳಲ್ಲಿ ಬಂದು ಏಳೆಂಟು ತಿಂಗಳಷ್ಟೇ ಆಗಿತ್ತು, ಅಮ್ಮ ಅದರ ತುಣುಕನ್ನು ಕತ್ತರಿಸಿ ಮೊಮ್ಮಗಳಿಗೆಂದು ತಂದಿದ್ದರು.

ಮಗಳು ಕಾಗದದ ತುಣುಕು ನೋಡಿದಳು, ಬಾವುಟ ನೋಡಿದಳು. "ವೇಯ್ಟ್, ಹಾಗಾದರೆ ನಮ್ಮ ರಾಕೆಟ್‌ನಿಂದ ಇವರ ಮೇಲೆ ಶೂಟ್ ಮಾಡಿದ್ದಾ?"

ಯುಗಾದಿ ಭಾಷಣದಲ್ಲಿ ನಾವು ಹಾರಿಸಿಬಿಡುವ ಜಾಗ ಇದು. ಕಾಂಗ್ರೀವನ ಬಾಣ ಬಿದ್ದದ್ದು ಅಮೆರಿಕದ ಮೇಲೆ, ಹಾರಿಸಿದ್ದು ಇಂಗ್ಲಿಷರು. ಅದಕ್ಕೂ ಮೂರು ವಾರ ಮೊದಲು, ಆಗಸ್ಟ್ 24ರಂದು, ವಾಷಿಂಗ್ಟನ್ನಿನ ಅಂಚಿನ ಬ್ಲೇಡನ್ಸ್‌ಬರ್ಗ್‌ನಲ್ಲಿ ಈ ಬಾಣಗಳ ಆರ್ಭಟಕ್ಕೆ ಅಮೆರಿಕದ ಮಿಲಿಷಿಯಾ ಕಾಲಿಗೆ ಬುದ್ಧಿ ಹೇಳಿತು; ಅದೇ ಸಂಜೆ ಇಂಗ್ಲಿಷರು ಊರು ಹೊಕ್ಕು ಅಧ್ಯಕ್ಷರ ಮನೆಗೂ ಹಿಂದಿನ ದಿನ ನಾವು ನೋಡಿ ಬಂದ ಕ್ಯಾಪಿಟಲ್‌ಗೂ ಬೆಂಕಿ ಇಟ್ಟರು. ಬ್ಲೇಡನ್ಸ್‌ಬರ್ಗ್‌ನಲ್ಲಿ ಓಡದೆ ನಿಂತವರು ಕೆಲವು ನೂರು ನಾವಿಕರು. ಅವರ ನಾಯಕ ತೊಡೆಗೆ ಗುಂಡು ತಗುಲಿ ಬಿದ್ದು ಸೆರೆಯಾದ. ವಯಸ್ಸು 55. ಹೆಸರು ಜೋಶುವಾ ಬಾರ್ನಿ! ಯೌವನದಲ್ಲಿ "ಹೈದರ್ ಅಲಿ" ಹಡಗು ನಡೆಸಿ ಹೆಸರು ಮಾಡಿದವನು ಮುಪ್ಪಿನಲ್ಲಿ ಹೈದರಲಿಯ ಬಾಣದ ಮೊಮ್ಮಗನ ಎದುರು ನಿಂತಿದ್ದ. ಆ ಗುಂಡನ್ನು ಹೊರತೆಗೆಯಲಾಗಲಿಲ್ಲ. ನಾಲ್ಕು ವರ್ಷದ ಮೇಲೆ, 1818ರಲ್ಲಿ, ಸತ್ತ. ಅಷ್ಟು ಹೊತ್ತಿಗೆ ಮೈಸೂರಿನ ಬಾಣ ಯಾರ ಪಕ್ಷದ್ದು? ಯಾರ ಕೈಯಲ್ಲಿತ್ತೋ ಅವರದ್ದು. ನನ್ನ ಮಟ್ಟಿಗೆ, ಆ ದಿನದಿಂದ ಈ ಬಾಣದ ಹೆಮ್ಮೆ ಸ್ವಲ್ಪ ಕಡಿಮೆಯಾಗಿದೆ, ಕುತೂಹಲ ಜಾಸ್ತಿಯಾಗಿದೆ.

ಲಿಂಕನ್ ಸ್ಮಾರಕ, ವಾಷಿಂಗ್ಟನ್ ಸ್ತಂಭ ಇವನ್ನೆಲ್ಲ ಒಂದೇ ಮಧ್ಯಾಹ್ನದಲ್ಲಿ ಮುಗಿಸಿದೆವು. ಚಳಿಗಾಳಿ, ಅಮ್ಮ ಶಾಲಿನ ಮೇಲೆ ನನ್ನ ಜಾಕೆಟ್ ಹಾಕಿಕೊಂಡು, ಸೀರೆಯ ಕೆಳಗೆ ಸ್ನೀಕರ್ಸ್ ತೊಟ್ಟು ಮೆಟ್ಟಿಲು ಹತ್ತಿದರು. ಆ ಸ್ಮಾರಕದ ಬಗ್ಗೆ ಒಂದೇ ಸಂಗತಿ ಹೇಳಿ ಮುಂದೆ ಹೋಗುತ್ತೇನೆ: ಗುಲಾಮರಿಗೆ ಬಿಡುಗಡೆ ಸಾರಿದವನ ಆ ಗುಡಿಯನ್ನು 1922ರಲ್ಲಿ ಉದ್ಘಾಟಿಸಿದಾಗ ಕರಿಯ ಅತಿಥಿಗಳನ್ನು ಬೇರೆಯೇ ಕೂರಿಸಿದ್ದರು.

ನಾಲ್ಕನೆಯ ದಿನ ಮೌಂಟ್ ವರ್ನನ್. ವಾಷಿಂಗ್ಟನ್ ನಗರದಿಂದ ಹದಿನೈದು ಮೈಲಿ ದಕ್ಷಿಣಕ್ಕೆ, ಪೊಟೊಮ್ಯಾಕ್ ದಂಡೆಯಲ್ಲಿ ಜಾರ್ಜ್ ವಾಷಿಂಗ್ಟನ್ನನ ಮನೆ ಮತ್ತು ಜಮೀನು. ಅವನ ಕಾಲದಲ್ಲಿ ಸುಮಾರು 7,600 ಎಕರೆ. ಈಗ ಉಳಿದಿರುವುದು ಐನೂರರಷ್ಟು. ಹೊರಗಿನಿಂದ ಕಲ್ಲಿನ ಕಟ್ಟಡದಂತೆ ಕಾಣುತ್ತದೆ. ಹತ್ತಿರ ಹೋದರೆ ಅದು ಮರದ ಹಲಗೆ. ಕಲ್ಲಿನ ಹಾಗೆ ಗೀರು ಕೊರೆದು, ಹಸಿ ಬಣ್ಣದ ಮೇಲೆ ಮರಳು ಎರಚಿದ್ದಾರೆ. "ನಮ್ಮೂರಲ್ಲಿ ಸಿಮೆಂಟಿಗೆ ಕಲ್ಲಿನ ಗೆರೆ ಎಳೆಯಲ್ವಾ, ಹಾಗೇ" ಎಂದು ಅಮ್ಮನಿಗೆ ಸಮಾಧಾನವಾಯಿತು. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಈ ಮನೆ ಕುಸಿಯುವ ಹಂತದಲ್ಲಿತ್ತು. ಸೌತ್ ಕೆರೊಲಿನಾದ ಆನ್ ಪಮೆಲಾ ಕನ್ನಿಂಗ್‌ಹ್ಯಾಂ ಎಂಬಾಕೆ ಮಹಿಳೆಯರ ಸಂಘ ಕಟ್ಟಿ, ಚಂದಾ ಎತ್ತಿ, 1858ರಲ್ಲಿ ಎರಡು ಲಕ್ಷ ಡಾಲರಿಗೆ ಕೊಳ್ಳುವ ಕರಾರು ಮಾಡಿಕೊಂಡಳು. ಇಂದಿಗೂ ಅದೇ ಸಂಘದ ಒಡೆತನ, ಸರಕಾರದ ದುಡ್ಡಿಲ್ಲ.

ನಡುಮನೆಯ ಗೋಡೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ಒಂದು ದಪ್ಪ ಕಬ್ಬಿಣದ ಬೀಗದಕೈ. ಪ್ಯಾರಿಸಿನ ಬ್ಯಾಸ್ಟಿಲ್ ಸೆರೆಮನೆಯದು. ಜನ ಅದನ್ನು ಒಡೆದ ಮರುವರ್ಷ, 1790ರಲ್ಲಿ, ಲಫಾಯೆಟ್ ತನ್ನ ಗುರುವಿಗೆಂದು ಕಳಿಸಿದ ಕಾಣಿಕೆ. ಸ್ವಾತಂತ್ರ್ಯದ ಕುರುಹು. ಅದನ್ನು ದಾಟಿ ಹಿಂದಿನ ಜಗಲಿಗೆ ಬಂದರೆ ನದಿ ಉದ್ದಕ್ಕೂ ಕಾಣುತ್ತದೆ. ಸಾಲಾಗಿ ಕುರ್ಚಿ ಹಾಕಿದ್ದಾರೆ. ಅಮ್ಮ ಅಲ್ಲಿ ಕುಳಿತವರು ಬಹಳ ಹೊತ್ತು ಏಳಲಿಲ್ಲ. ಕಾವೇರಿಯನ್ನು ಹೀಗೇ ನೋಡುತ್ತಾ ಕುಳಿತಿರುತ್ತಿದ್ದನೇನೋ ಅವನೂ, ಎಂದರು. ಇಬ್ಬರೂ ಕಾರ್ನ್‌ವಾಲಿಸ್‌ಗೆ ಎದುರು ನಿಂತವರು, ಇಬ್ಬರೂ ಹೋದದ್ದು ಒಂದೇ ವರ್ಷ: 1799ರ ಮೇ 4ರಂದು ಟಿಪ್ಪು, ಕೋಟೆಯ ಬಾಗಿಲ ಬಳಿ ಹೆಣಗಳ ನಡುವೆ, ಡಿಸೆಂಬರ್ 14ರಂದು ವಾಷಿಂಗ್ಟನ್, ಇದೇ ಮನೆಯ ಮಹಡಿಯಲ್ಲಿ, ಗಂಟಲ ಬೇನೆಯಿಂದ, ತನ್ನ ಹಾಸಿಗೆಯಲ್ಲಿ.

ಮಗಳು ಅಷ್ಟರಲ್ಲಿ ತಾಯಿಯ ಕೈ ಹಿಡಿದುಕೊಂಡು ತೋಟದ ಪಕ್ಕದ ಉದ್ದನೆಯ ಇಟ್ಟಿಗೆ ಕಟ್ಟಡಕ್ಕೆ ಹೋಗಿ ಬಂದಿದ್ದಳು. ನಮ್ಮಿಬ್ಬರನ್ನೂ ಎಬ್ಬಿಸಿ ಕರೆದುಕೊಂಡು ಹೋದಳು. ಗುಲಾಮರು ಮಲಗುತ್ತಿದ್ದ ಜಾಗವನ್ನು ಮತ್ತೆ ಕಟ್ಟಿ ತೋರಿಸಿದ್ದಾರೆ. ಗೋಡೆಗೆ ತಾಗಿಸಿ ಒಂದರ ಮೇಲೊಂದು ಹಲಗೆ ಮಂಚ. ವಾಷಿಂಗ್ಟನ್ ಸತ್ತ ವರ್ಷ ಆ ಜಮೀನಿನಲ್ಲಿ 317 ಗುಲಾಮರಿದ್ದರು. ಲೆಕ್ಕ ಇಷ್ಟು ಖಚಿತವಾಗಿ ಗೊತ್ತಿರುವುದು ಆತನೇ ಆ ವರ್ಷ ಪಟ್ಟಿ ಬರೆದಿಟ್ಟಿದ್ದರಿಂದ. ಹೆಸರು, ಕೆಲಸ, ಗಂಡ ಯಾರು, ಹೆಂಡತಿ ಯಾರು. 123 ಜನ ಅವನ ಸ್ವಂತ. 153 ಜನ ಹೆಂಡತಿ ಮಾರ್ಥಾಳ ಮೊದಲ ಗಂಡನ ಆಸ್ತಿಯಿಂದ ಬಂದವರು. ಉಳಿದ 41 ಜನ ಪಕ್ಕದವರಿಂದ ಬಾಡಿಗೆಗೆ ಪಡೆದವರು. ಉಯಿಲಿನಲ್ಲಿ ತನ್ನ 123 ಜನಕ್ಕೆ ಬಿಡುಗಡೆ ಬರೆದಿದ್ದ, ಮಾರ್ಥಾ ತೀರಿಕೊಂಡ ಮೇಲೆ ಎಂಬ ಷರತ್ತಿನೊಡನೆ. ಮಾರ್ಥಾ ಕಾಯಲಿಲ್ಲ, 1801ರ ಜನವರಿ 1ಕ್ಕೆ ಬಿಟ್ಟಳು. ತನ್ನ ಸಾವಿಗೆ ನೂರಾರು ಜನ ಕಾಯುತ್ತಿರುವ ಮನೆಯಲ್ಲಿ ಮಲಗಿದರೆ ನಿದ್ದೆ ಹೇಗೆ ಬಂದೀತು! ಆದರೆ ಆ 153 ಜನರನ್ನು ಬಿಡುವ ಅಧಿಕಾರ ಇಬ್ಬರಿಗೂ ಇರಲಿಲ್ಲ. 1802ರಲ್ಲಿ ಮಾರ್ಥಾ ಹೋದ ಮೇಲೆ ಅವರನ್ನು ನಾಲ್ವರು ಮೊಮ್ಮಕ್ಕಳಿಗೆ ಪಾಲು ಹಾಕಿದರು. ಗಂಡ ಅವನ ಪಟ್ಟಿಯಲ್ಲಿ, ಹೆಂಡತಿ ಇವಳ ಪಟ್ಟಿಯಲ್ಲಿ ಇದ್ದ ಸಂಸಾರಗಳು ಒಡೆದುಹೋದವು.

ಅಲ್ಲಿನ ಮ್ಯೂಸಿಯಂನಲ್ಲಿ ಆಗ ಈ ಗುಲಾಮರಲ್ಲಿ ಹತ್ತೊಂಬತ್ತು ಮಂದಿಯ ಜೀವನವನ್ನೇ ಕುರಿತ ಒಂದು ಪ್ರದರ್ಶನ ಇತ್ತು. ಅಡುಗೆಯವ ಹರ್ಕ್ಯುಲಿಸ್, ಊರಿಗೇ ಹೆಸರಾದ ಪಾಕಪ್ರವೀಣ. ಒಡೆಯನ 65ನೆಯ ಹುಟ್ಟುಹಬ್ಬದ ದಿನ, 1797ರ ಫೆಬ್ರವರಿ 22ರಂದು, ಮೌಂಟ್ ವರ್ನನ್ನಿನಿಂದ ಪರಾರಿಯಾದ. ಕೆಲವು ವಾರಗಳ ನಂತರ ಫ್ರಾನ್ಸಿನ ಲೂಯಿ ಫಿಲಿಪ್ (ಮುಂದೆ ಅಲ್ಲಿನ ದೊರೆಯಾದವನು) ಅತಿಥಿಯಾಗಿ ಬಂದಾಗ ಅವನ ಸೇವಕ ಹರ್ಕ್ಯುಲಿಸ್‌ನ ಪುಟ್ಟ ಮಗಳನ್ನು ಕೇಳಿದನಂತೆ, ಅಪ್ಪನನ್ನು ಇನ್ನು ನೋಡಲಾಗದೆಂದು ದುಃಖವಾಗಿರಬೇಕಲ್ಲವೇ ಎಂದು. ಇಲ್ಲ, ಖುಷಿಯಾಗಿದೆ, ಅಪ್ಪ ಈಗ ಸ್ವತಂತ್ರ ಎಂದಿತಂತೆ ಮಗು. ಇನ್ನೊಬ್ಬಳು ಓನಾ ಜಡ್ಜ್, ಮಾರ್ಥಾಳ ಖಾಸಾ ಸೇವಕಿ. ಆಗ ರಾಜಧಾನಿ ಫಿಲಡೆಲ್ಫಿಯಾ. ಪೆನ್ಸಿಲ್ವೇನಿಯಾದ ಕಾನೂನಿನಂತೆ ಆರು ತಿಂಗಳು ಅಲ್ಲಿ ನೆಲೆಸಿದ ಗುಲಾಮ ಬಿಡುಗಡೆ ಕೇಳಬಹುದಿತ್ತು. ಹಾಗಾಗದಂತೆ ಅಧ್ಯಕ್ಷರು ತಮ್ಮ ಗುಲಾಮರನ್ನು ಆರು ತಿಂಗಳು ತುಂಬುವ ಮೊದಲೇ ರಾಜ್ಯದಿಂದಾಚೆ ಕಳಿಸಿ ಮತ್ತೆ ಕರೆಸಿಕೊಳ್ಳುತ್ತಿದ್ದರು. ತನ್ನನ್ನು ಮಾರ್ಥಾಳ ಮೊಮ್ಮಗಳಿಗೆ ಉಡುಗೊರೆ ಕೊಡುತ್ತಾರೆಂದು ತಿಳಿದ ಓನಾ, 1796ರ ಮೇ 21ರಂದು, ಮನೆಮಂದಿ ಊಟಕ್ಕೆ ಕುಳಿತಿದ್ದಾಗ ಬಾಗಿಲು ದಾಟಿ ಹೋಗಿ ಉತ್ತರಕ್ಕೆ ಹೊರಟಿದ್ದ ಹಡಗು ಹತ್ತಿದಳು. ಬ್ಯಾಸ್ಟಿಲ್ಲಿನ ಬೀಗದಕೈ ಪಡೆದುಕೊಂಡವನು ಅವಳನ್ನು ಹಿಡಿದು ತರಲು ಜನ ಕಳಿಸಿದ.

ಅಮ್ಮ ಓನಾಳ ಫಲಕವನ್ನು ಕೊನೆಯವರೆಗೂ ಓದಿದರು. ನಂತರ, ವಾಷಿಂಗ್ಟನ್ನನ ಸಮಾಧಿಯಿಂದ ಸ್ವಲ್ಪ ದೂರದಲ್ಲಿ ಗುಲಾಮರ ಹೆಸರಿಲ್ಲದ ಗೋರಿಗಳಿರುವ ಕಾಡುಜಾಗಕ್ಕೆ ಹೋದೆವು. 1929ರಲ್ಲಿ ಇಟ್ಟ ಚಿಕ್ಕ ಕಲ್ಲು ಒಂದು, 1983ರ ಸ್ಮಾರಕ ಒಂದು. ಮಗಳು ಅಲ್ಲಿ ಕೇಳಿದಳು, "ಅಜ್ಜಿ, ಟಿಪ್ಪು ಪ್ಯಾಲೆಸ್‌ನಲ್ಲೂ ಹೀಗೆ ಇದೆಯಾ?"

ಅಜ್ಜಿ ಒಮ್ಮೆಲೇ ಉತ್ತರ ಕೊಡಲಿಲ್ಲ. ವಾಪಸ್ಸು ಬರುವಾಗ ಕಾರಿನಲ್ಲಿ, ಹಿಂದಿನ ಸೀಟಿನಿಂದ, ಯಾರಿಗೆಂದು ಹೇಳದೆ ಹೇಳತೊಡಗಿದರು. ಅವರ ಸ್ಕೂಲಿನಲ್ಲಿ ಮೇಲುಕೋಟೆಯ ಕಡೆಯ ಒಬ್ಬ ಸಹೋದ್ಯೋಗಿ ಇದ್ದರು, ಮಂಡ್ಯಂ ಅಯ್ಯಂಗಾರರು. ಅವರ ಮನೆಯಲ್ಲಿ ನರಕ ಚತುರ್ದಶಿಯ ದಿನ ದೀಪ ಹಚ್ಚುತ್ತಿರಲಿಲ್ಲ. ಟಿಪ್ಪುವಿನ ಕಾಲದಲ್ಲಿ ಆ ದಿನ ತಮ್ಮ ಹಿರಿಯರನ್ನು ಕೊಲ್ಲಿಸಲಾಯಿತೆಂದು ಆ ಮನೆತನಗಳು ತಲೆಮಾರುಗಳಿಂದ ನೆನೆದುಕೊಂಡು ಬಂದಿವೆ. "ಪ್ರತಿವರ್ಷ ನಾನು ಹುಡುಗರನ್ನ ಪಟ್ಟಣಕ್ಕೆ ಕರ್ಕೊಂಡು ಹೊರಟಾಗ ಅವಳು ಒಂದು ಮಾತು ಆಡ್ತಿರಲಿಲ್ಲ. ಬಸ್ಸು ಹತ್ತುತ್ತಾನೂ ಇರಲಿಲ್ಲ. ನಾನೂ ಕೇಳಲಿಲ್ಲ. ಮೈಸೂರು ಹುಲಿ ಪಾಠ ಮಾಡಿ ಬರ್ತಿದ್ದೆ."

ನಾನು ಕಾರು ಓಡಿಸುತ್ತಾ ವಕೀಲನ ಹಾಗೆ ಎರಡು ಕಡೆಯದನ್ನೂ ಹೇಳಿದೆ. ಮರಾಠರ ಪಡೆ 1791ರಲ್ಲಿ ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ (ಕಾರ್ನ್‌ವಾಲಿಸ್‌ನ ಮಿತ್ರಪಕ್ಷದವರು ಅವರು!) ಶಾರದೆಯ ಪುನಃ ಪ್ರತಿಷ್ಠೆಗೆ ಟಿಪ್ಪು ಹಣ ಕಳಿಸಿದ್ದ, ಸ್ವಾಮಿಗಳಿಗೆ ಬರೆದ ಪತ್ರಗಳು ಮಠದಲ್ಲಿ ಸಿಕ್ಕಿವೆ. ಅದೇ ಟಿಪ್ಪು 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಊರುಗಟ್ಟಲೆ ಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದ, ಕೊಡಗಿನಿಂದಲೂ ಹಾಗೆಯೇ ಸಾಗಿಸಿದ. ದಾರಿಯಲ್ಲೂ ಸೆರೆಯಲ್ಲೂ ಸತ್ತವರು ಬಹಳ. ಎರಡೂ ನಿಜ. ಈಗ ನಮ್ಮೂರಿನಲ್ಲಿ ಒಂದು ನಿಜವನ್ನು ಎತ್ತಿಕೊಂಡವರು ಇನ್ನೊಂದನ್ನು ಸುಳ್ಳೆನ್ನುತ್ತಾರೆ. ಜಯಂತಿ ಮಾಡುವವರೊಂದು ಕಡೆ, ನಿಲ್ಲಿಸುವವರೊಂದು ಕಡೆ. ಇಲ್ಲಿ ಡಾಲಸ್ಸಿನ ಪಾಟ್‌ಲಕ್ಕುಗಳಲ್ಲೂ ಈ ವಿಷಯ ಬಂದರೆ ಯಾರಾದರೊಬ್ಬರು ಎದ್ದು ಪಾಯಸ ಬಡಿಸಬೇಕಾಗುತ್ತದೆ. ಮೌಂಟ್ ವರ್ನನ್ನಿನವರು ನಮಗಿಂತ ಒಳ್ಳೆಯವರೆಂದು ನಾನು ಹೇಳುತ್ತಿಲ್ಲ. ಸಂಘ ಮನೆ ಕೊಂಡದ್ದು 1858ರಲ್ಲಿ. ಗೋರಿಗಳಿಗೆ ಮೊದಲ ಕಲ್ಲು ಇಟ್ಟದ್ದು ಎಪ್ಪತ್ತು ವರ್ಷ ಕಳೆದ ಮೇಲೆ. ಆದರೂ ಬೀಗದಕೈ ಮತ್ತು ಹಲಗೆ ಮಂಚ ಎರಡನ್ನೂ ಒಂದೇ ಟಿಕೆಟ್ಟಿನಲ್ಲಿ ತೋರಿಸುತ್ತಾರೆ. ಮನೆ ನೋಡಲು ಬಂದ ಯಾರೂ ವಾಷಿಂಗ್ಟನ್ನನ ಮೇಲೆ ಸಿಟ್ಟಾಗಿ ಅರ್ಧಕ್ಕೆ ಹೋದದ್ದನ್ನು ನಾನು ಅಂದು ಕಾಣಲಿಲ್ಲ.

"ಪೊಳ್ಳಿಲೂರಿನ ಗೋಡೆ ಸುಣ್ಣ ಬಳಿದು ಮುಚ್ಚೋವಂಥದ್ದಲ್ಲ" ಎಂದರು ಅಮ್ಮ, "ಆದರೆ ನಾನು ಆ ಒಂದು ಗೋಡೆ ಮುಂದೇನೇ ಮೂವತ್ತು ವರ್ಷ ನಿಂತುಬಿಟ್ಟೆ." ಮಗಳಿಗೆ ಅಷ್ಟು ಕನ್ನಡ ಅರ್ಥವಾಯಿತೋ ಇಲ್ಲವೋ, ಅಜ್ಜಿಯ ಹೆಗಲ ಮೇಲೆ ತಲೆ ಇಟ್ಟು ಮಲಗಿಬಿಟ್ಟಿದ್ದಳು.

ಮೇ ತಿಂಗಳಲ್ಲಿ ಅಮ್ಮ ಮಂಡ್ಯಕ್ಕೆ ಮರಳಿದರು. ಆ ವರ್ಷದ ದೀಪಾವಳಿ ಕಳೆದ ಭಾನುವಾರ ಫೋನು ಮಾಡಿದಾಗ, "ಮೇಲುಕೋಟೆಯವಳ ಹತ್ತಿರ ಮಾತಾಡಿದೆ ಕಣೋ, ಎಷ್ಟೋ ವರ್ಷದ ಮೇಲೆ" ಎಂದರು. ಬಸ್ಸು ಯಾಕೆ ಹತ್ತುತ್ತಿರಲಿಲ್ಲ ಎಂದು ಈಗ ಕೇಳಿದರಂತೆ. ಆಕೆ ಹೇಳಿದರಂತೆ, ಬಹಳ ಹೊತ್ತು. ಆಮೇಲೆ ಇವರು ಹಡಗಿನ ಕಥೆ, ಬಾರ್ನಿಯ ಕಥೆ, ಓನಾಳ ಕಥೆ ಎಲ್ಲ ಹೇಳಿದರಂತೆ.

"ಅವರೇನೆಂದರು?" ಎಂದೆ.

"ಹಡಗಿನ ಬಗ್ಗೆ ಏನೂ ಅನ್ನಲಿಲ್ಲ. ಆ ಹುಡುಗಿ ಆಮೇಲೆ ಸಿಕ್ಕಿಬಿದ್ದಳಾ ಅಂತ ಕೇಳಿದಳು. ಇಲ್ಲಮ್ಮ, 1848ರವರೆಗೆ ಬದುಕಿದ್ದಳು, ಸಿಗಲೇ ಇಲ್ಲ ಅಂದೆ."